ಬಾಗಿದ ಎರಡು ಪಿನ್ನು

ಹೊಳೆನರಸೀಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಸ್ಕ್ಯಾನ್ ಚಿತ್ರಗಳನ್ನೆಲ್ಲ ಇಡುವ ಸರ್ವರ್ ಕೆಟ್ಟಿತ್ತು. ಬದಲಿ ಪ್ರೊಸೆಸರನ್ನು ಬ್ಯಾಗಿನಲ್ಲಿಟ್ಟುಕೊಂಡು ಹಾಸನದಿಂದ ಬೈಕಿನಲ್ಲಿ ಹೋದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದುದರಿಂದ ಸ್ವಲ್ಪ ಜಂಬವೂ ಇತ್ತು.

ಅಲ್ಲಿನ ಕಂಪ್ಯೂಟರ್ ವಿಭಾಗವನ್ನು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮೇಡಂ ನೋಡಿಕೊಳ್ಳುತ್ತಿದ್ದರು. ನಾನು ಪ್ರೊಸೆಸರಿನ ಬಿಸಿ ಹೀರುವ ಹೀಟ್ ಸಿಂಕ್ ಬಿಚ್ಚಿ, ಕೆಟ್ಟ ಪ್ರೊಸೆಸರನ್ನು ತೆಗೆದು, ಒಣಗಿದ ಪೇಸ್ಟನ್ನು ಒರೆಸಿದೆ. ಹೊಸ ಪ್ರೊಸೆಸರನ್ನು ಹೀಟ್ ಸಿಂಕಿಗೆ ಸಿಕ್ಕಿಸಿ ಬೋರ್ಡಿನ ಸಾಕೆಟ್ಟಿನ ಮೇಲೆ ಇಳಿಸತೊಡಗಿದೆ. ಸಾಕೆಟ್ಟಿನ ತುಂಬ ಕೂದಲೆಳೆಯಂಥ ಪಿನ್ನುಗಳು. ಒಂಚೂರೂ ಓರೆಯಾಗಬಾರದು.

ಅಷ್ಟರಲ್ಲಿ ಬಾಗಿಲಿನಿಂದ ಯಾರೋ ಕರೆದರು. "ಸಾ, ನಮ್ಮವ್ವನ ಅಳೇ ಸ್ಕ್ಯಾನು ಸಿಗ್ತದಾ? ಸುಕ್ರವಾರ ಆಸನದ ಡಾಕ್ಟ್ರಿಗೆ ತೋರಿಸ್ಬೇಕು."

ನಡುವಯಸ್ಸಿನ ರೈತ. ನಾನು ತಲೆಯೆತ್ತಿದೆ. ಕೈಯಲ್ಲಿದ್ದದ್ದರ ಒಂದು ಮೂಲೆ ಕೆಳಗೆ ತಗುಲಿತು. ಮೇಲೆತ್ತಿ ಮೊಬೈಲ್ ಬೆಳಕಿನಲ್ಲಿ ನೋಡಿದರೆ ಎರಡು ಪಿನ್ನು ಬಾಗಿದ್ದವು.

ಮೇಡಂ ಕಡೆಗೆ ಬೆನ್ನು ಮಾಡಿ, ಸೂಜಿಯಿಂದ ಅವನ್ನು ನೇರ ಮಾಡಿದೆ. ಸರ್ವರ್ ಚಾಲೂ ಆಯಿತು. ಮೇಡಂ ಸಮಾಧಾನದಿಂದ ಆತನಿಗೆ, "ಸರಿಹೋಯ್ತು ಕಣಪ್ಪ. ಶುಕ್ರವಾರ ಬೆಳಿಗ್ಗೆ ಬಾ, ಸಿಡಿ ಮಾಡಿಕೊಡ್ತೀವಿ" ಅಂದರು. ಪಿನ್ನಿನ ವಿಷಯ ನಾನು ಬಾಯಿಬಿಡಲಿಲ್ಲ.

ಗುರುವಾರ ಸರ್ವರ್ ಮತ್ತೆ ನಿಂತಿತು. ಫೋನಿನಲ್ಲಿ ಮೇಡಂಗೆ, "ಹೊಸ ಪಾರ್ಟೇ ಸರಿಯಿಲ್ಲ ಅನ್ಸುತ್ತೆ" ಎಂದುಬಿಟ್ಟೆ. ಅವರು ನಂಬಿದರು.

ಶುಕ್ರವಾರ ಹೋಗಿ ನೋಡಿದೆ. ನಾನು ನೇರ ಮಾಡಿದ್ದ ಪಿನ್ನು ಮುರಿದು ಸಾಕೆಟ್ಟೇ ಹಾಳಾಗಿತ್ತು. ಬೇರೆ ಬೋರ್ಡು ಬರಲು ಎರಡು ದಿನ ಬೇಕು, ಅಲ್ಲಿಯವರೆಗೆ ಹಳೆಯ ಚಿತ್ರ ಯಾವುದೂ ಸಿಗುವುದಿಲ್ಲ. ಆ ತಾಯಿಗೆ ಹೊಸದಾಗಿ ಸ್ಕ್ಯಾನ್ ಮಾಡಬೇಕಾಯಿತು. ಹೊರಗೆ ತಾಯಿಯ ಜೊತೆ ಬೆಂಚಿನ ಮೇಲೆ ಕೂತಿದ್ದ ಮಗ ನನ್ನನ್ನು ಗುರುತು ಹಿಡಿದು, "ಮೇಡಮ್ಮೋರು ಯೋಳುದ್ರು, ಪಾರ್ಟು ಕೆಟ್ಟಿದ್ರೆ ನೀವೇನ್ ಮಾಡೀರಿ ಬುಡಿ ಸಾ" ಅಂದ.

ನಾನು ಒಳಗೆ ಹೋಗಿ ಮೇಡಂಗೆ ನಿಜ ಹೇಳಿದೆ.

"ಅವತ್ತೇ ಹೇಳಿದ್ರೆ ಆ ಸಿಡೀನ ಆಗಲೇ ಮಾಡಿಸಿಕೊಡ್ತಿದ್ದೆ. ಅವನಿಗೆ ಹೇಳಿದ್ರಾ?"

"ಇಲ್ಲ."

"ಹೋಗಿ ಹೇಳಿ."

ಬೆಂಚಿನ ಹತ್ತಿರ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಆತ ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ. "ಆ ಮಿಸನ್ನೊಳಗೆ ಅವ್ವಂಗೆ ಉಸ್ರು ಕಟ್ದಂಗಾಯ್ತದೆ ಸಾ. ಮದ್ಲು ಸಲವೇ ಅತ್ತ್‌ಬುಟ್ಟಿದ್ಲು" ಅಂದ. ಅಷ್ಟರಲ್ಲಿ ನರ್ಸ್ ಕರೆದರು. ತಾಯಿಯ ರಟ್ಟೆ ಹಿಡಿದು ನಿಧಾನವಾಗಿ ಎಬ್ಬಿಸಿ ಒಳಗೆ ಕರೆದುಕೊಂಡು ಹೋದ. ನನ್ನ ಕಡೆ ಮತ್ತೆ ತಿರುಗಿ ನೋಡಲಿಲ್ಲ.