ಅಪ್ಪ ಕೊಟ್ಟ ಎಡಗೈ

ಹೋದ ಸೋಮವಾರ ಹೊನ್ನಾಳಿಯಲ್ಲಿ ನನ್ನ ಮರಿಮಗಳ ಶಾಲೆಯವರು ಹುಡುಗಿಯರ ಗೈಡ್ ದಳ ಮುಚ್ಚಿದರು. "ಹೆತ್ತವರಿಗೇ ಆಸಕ್ತಿಯಿಲ್ಲ" ಎಂದರಂತೆ. ಅವಳು ಮಡಿಸಿಟ್ಟ ಸ್ಕಾರ್ಫ್ ಕಂಡು ಅಪ್ಪ ನೆನಪಾದರು.

ಮಹಾರಾಜರ ಕಾಲದಲ್ಲಿ ಅಕ್ಕನನ್ನೂ ನನ್ನನ್ನೂ ಗೈಡ್‌ಗೆ ಸೇರಿಸಿದವರು ಅಪ್ಪನೇ. ಗೈಡ್‌ಗಳು ಎಡಗೈಯಲ್ಲೇ ಕೈಕುಲುಕಬೇಕು. ಹೊಸದಾಗಿ ಕಲಿತ ಹುರುಪಿನಲ್ಲಿ ಮನೆಗೆ ಬಂದು ಅಜ್ಜಿಗೂ ಎಡಗೈ ಚಾಚಿದೆ.

"ಥೂ, ಯಾವ ಕೈ ಕೊಡ್ತೀಯೇ!" ಎಂದ ಅಜ್ಜಿ ಅಪ್ಪನತ್ತ ತಿರುಗಿದಳು. "ಇದನ್ನ ಕಲಿಯಾಕೆ ಕಳಿಸ್ತೀಯೇನೋ? ನಾಳೆಯಿಂದ ಬಿಡಿಸು."

ನನಗೆ ಅಳು ಬಂತು. ಅಪ್ಪ ಎದ್ದು ಬಂದು ತಮ್ಮ ಎಡಗೈಯಿಂದ ನನ್ನ ಎಡಗೈ ಕುಲುಕಿದರು.

"ಬಳೆ ಇಡಿಸಾಕೆ ಎರಡೂ ಕೈ ಬೇಕು, ಇದಕ್ಕೆ ಬ್ಯಾಡೇನವ್ವಾ? ಮಕ್ಕಳು ನಾಳೆನೂ ಹೋಗ್ತಾರೆ."

ಹೋದೆವು.

ಹೆಡ್‌ಮಾಸ್ತರೇ, ಮರಿಮಗಳ ದಳ ಮುಚ್ಚುವ ಮುನ್ನ ನಮ್ಮ ಮನೆಯವರನ್ನು ಯಾರೂ ಕೇಳಲೇ ಇಲ್ಲ. ಬೇಡವೆಂದ ಹೆತ್ತವರು ಯಾರು? ಪೋಷಕರ ಸಭೆ ಕರೆದು ಎಲ್ಲರೆದುರು ಹೇಳಿ.