ಆಯುಧಪೂಜೆಗೆ ಇಟ್ಟ ಫ್ಲಾಪಿ

ಈಗಿನವರಿಗೆ ಹೇಳಿದರೆ ನಗುತ್ತಾರೆ. ನಮ್ಮ ಅಂಗಡಿಯ ಕನ್ನಡವೆಲ್ಲ ಒಂದು ಕಾಲದಲ್ಲಿ ಅಂಗೈಯಗಲದ ಒಂದು ಫ್ಲಾಪಿಯಲ್ಲಿತ್ತು. ಅದು ಕೆಟ್ಟಿತು, ಅಂಗಡಿ ಮುಚ್ಚಿತು, ಅಣ್ಣ ಬೇರೆ ಹೋದ. ಇಷ್ಟೇ ಕಥೆ. ಆದರೆ ಇಷ್ಟು ಹೇಳಿ ಸುಮ್ಮನಾಗುವುದು ನನ್ನಿಂದ ಆಗುತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಇದ್ದಾಗ ಅಲ್ಲಿ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಮಾರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮೂಟೆಗಳನ್ನೆಲ್ಲ ಖಾಲಿ ಮಾಡಿಸಿ, ಗೋಡೆಗೆ ಸುಣ್ಣ ಹೊಡೆಸಿ, ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು ತಂದಿಟ್ಟು ಡಿಟಿಪಿ ಸೆಂಟರ್ ಎಂದು ಬೋರ್ಡು ಹಾಕಿದ. ಮೆಣಸಿನಕಾಯಿಯ ಘಾಟು ಮಾತ್ರ ಗೋಡೆ ಬಿಟ್ಟು ಹೋಗಿರಲಿಲ್ಲ. ಲಗ್ನಪತ್ರಿಕೆ ಮಾಡಿಸಲು ಬಂದವರು ಪ್ರೂಫ್ ನೋಡುತ್ತಾ ಸೀನುತ್ತಿದ್ದರು. ಗಿರಾಕಿಗಳ ಜೊತೆ ಮಾತು ಅಣ್ಣನದು, ಟೈಪು ಮಾಡುವುದು ನನ್ನದು. ಅವನಿಗೆ ಬಾಯಿ ಕೊಟ್ಟ, ಇವನಿಗೆ ಬೆರಳು ಕೊಟ್ಟ ಎಂದು ಅಮ್ಮ ದೇವರ ಕಡೆ ಕೈ ತೋರಿಸುತ್ತಿದ್ದಳು.

ಅಪ್ಪ ಸಾಯುವ ಮುಂಚೆ ಇಬ್ಬರನ್ನೂ ಮಂಚದ ಪಕ್ಕ ಕೂರಿಸಿಕೊಂಡು, ಒಂದೇ ಒಲೆಯಲ್ಲಿ ಉಣ್ಣಿ ಎಂದಿದ್ದರು. ಅಣ್ಣನ ಮದುವೆಯಾದ ಮೇಲೂ ಅದು ನಡೆದುಕೊಂಡು ಬಂದಿತ್ತು. ಅಣ್ಣನೆಂದರೆ ನನಗೆ ಎಂಥ ಪ್ರೀತಿಯಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವನು ಹಾಕಿ ಬಿಟ್ಟ ಅಂಗಿಯನ್ನು ಮೀಸೆ ಬಂದ ಮೇಲೂ ಖುಷಿಯಿಂದ ಹಾಕಿಕೊಂಡು ತಿರುಗುತ್ತಿದ್ದೆ.

ಕನ್ನಡದ ಸಾಫ್ಟ್‌ವೇರನ್ನು ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ತಂದಿದ್ದೆವು. ಸುತ್ತಮುತ್ತಲಿನ ಅಂಗಡಿಯವರೆಲ್ಲ ಕದ್ದ ಸಾಫ್ಟ್‌ವೇರಿನಲ್ಲೇ ದಿವಿನಾಗಿ ಬದುಕುತ್ತಿದ್ದಾಗ ನಮ್ಮದು ಅಸಲಿ ಮಾಲು ಎಂಬ ಜಂಭ ಅಣ್ಣನಿಗೆ. ಅದರ ಪರವಾನಗಿ ಇದ್ದದ್ದು ಒಂದು ಫ್ಲಾಪಿಯಲ್ಲಿ. ಅದರ ವ್ಯವಸ್ಥೆಯೇ ವಿಚಿತ್ರ. ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿದರೆ ಪರವಾನಗಿ ಕಂಪ್ಯೂಟರಿಗೆ ಇಳಿದುಬಿಡುತ್ತದೆ, ಫ್ಲಾಪಿ ಬರಿದಾಗುತ್ತದೆ. ಬೇರೆ ಕಂಪ್ಯೂಟರಿಗೆ ಹೋಗಬೇಕೆಂದರೆ ಮೊದಲು ಹಳೆಯದರಿಂದ ಅದನ್ನು ಫ್ಲಾಪಿಗೆ ವಾಪಸು ಎಳೆದುಕೊಳ್ಳಬೇಕು. ಆಗ ಹಳೆಯದಕ್ಕೆ ಕನ್ನಡ ಮರೆತುಹೋಗುತ್ತದೆ. ಆಮೇಲೆ ಹೊಸದಕ್ಕೆ ಇಳಿಸಬೇಕು. ಎರಡು ಕಡೆ ಇರುವಂತಿಲ್ಲ. ನಡುವಿನ ಹೊತ್ತಿನಲ್ಲಿ ಅದು ಆ ಫ್ಲಾಪಿಯಲ್ಲಿ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇರುವುದಿಲ್ಲ. ಆ ನಡುವಿನ ಹೊತ್ತು ಎಂದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಎಂದು ಕಂಪನಿಯವರು ಹೇಳಿಕೊಟ್ಟಿದ್ದರು.

ಹಳೆಯ ಕಂಪ್ಯೂಟರು ಪುಟಕ್ಕೊಂದು ಸಲ ನಿಂತುಹೋಗುವ ಸ್ಥಿತಿಗೆ ಬಂದಾಗ ಅಣ್ಣ ಹೊಸದನ್ನು ತರಿಸಿದ. ಅದು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಹುಮ್ಮಸ್ಸಿನಲ್ಲಿ ಸಂಜೆಯೇ ಹಳೆಯದರಿಂದ ಪರವಾನಗಿಯನ್ನು ಫ್ಲಾಪಿಗೆ ಎಳೆದುಕೊಂಡೆವು. ಇನ್ನೇನು ಹೊಸದಕ್ಕೆ ಹಾಕಬೇಕು, ಅಷ್ಟರಲ್ಲಿ ಅಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

“ನಾಳೆ ಆಯ್ದಪೂಜೆ. ಪೂಜೆ ಆಗ್ದೆ ಒಸ ಮಿಷಿನ್ನ ಮುಟ್ಬೇಡಿ ಕಣ್ರೋ. ನಾಡಿದ್ದು ವಿಜಯದಶಮಿ, ಒಳ್ಳೆ ದಿನ, ಶುರು ಮಾಡ್ಕೊಳಿ” ಎಂದಳು.

“ಐದು ನಿಮಿಷದ ಕೆಲ್ಸ ಕಣಮ್ಮ” ಎಂದೆ.

“ನಾಡಿದ್ದೂ ಐದೇ ನಿಮಿಷ ಅಲ್ವೇನೋ?”

ಅಣ್ಣ ನಕ್ಕು ಫ್ಲಾಪಿಯನ್ನು ಅವಳ ಕೈಗೆ ಕೊಟ್ಟ. “ತಗೋ, ಇದ್ನೇ ಪೂಜೆಗೆ ಇಟ್ಬುಡು. ನಮ್ಮ ಅಂಗ್ಡಿ ಜೀವ ಎಲ್ಲಾ ಇದ್ರೊಳ್ಗೇ ಇರೋದು” ಎಂದ. ಅಮ್ಮ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡಳು.

ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಅಪ್ಪನ ಕಾಲದಿಂದಲೂ ಜೋರು. ಅಪ್ಪನ ತಕ್ಕಡಿ, ತೂಕದ ಬೊಟ್ಟು, ಈಳಿಗೆಮಣೆ, ಕತ್ತರಿ, ಸ್ಕ್ರೂಡ್ರೈವರು, ಅಣ್ಣನ ಸ್ಕೂಟರು, ಯಾವುದನ್ನೂ ಬಿಡುವಂತಿರಲಿಲ್ಲ. ನಾವು ವಿಭೂತಿಯವರು. ಅಮ್ಮ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಲ್ಲಿ ಎಲ್ಲದಕ್ಕೂ ಎಳೆಯುತ್ತಾ ಹೋಗುತ್ತಿದ್ದಳು. ನಾನು ಬೂದುಗುಂಬಳಕಾಯಿ ತರಲು ಹೋಗಿ ಬರುವಷ್ಟರಲ್ಲಿ ಪೂಜೆ ಮುಕ್ಕಾಲು ಮುಗಿದಿತ್ತು. ಹೊಸ ಮಾನಿಟರು ವಿಭೂತಿ ಧರಿಸಿ, ಚೆಂಡುಹೂವಿನ ಹಾರ ಹಾಕಿಕೊಂಡು ನಮ್ಮ ದಪ್ಪ ಸೋದರಮಾವನ ಹಾಗೆ ಕೂತಿತ್ತು. ಅಣ್ಣನೂ ನಾನೂ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ವಿಜಯದಶಮಿಯ ಬೆಳಿಗ್ಗೆ ಫ್ಲಾಪಿಯ ಮೇಲಿದ್ದ ಹೂವಿನ ಎಸಳನ್ನು ತೆಗೆದು, ಬಟ್ಟೆಯಲ್ಲಿ ಒರೆಸಿ ಹೊಸ ಕಂಪ್ಯೂಟರಿಗೆ ಹಾಕಿದೆ. ಒಳಗೆ ಕರಕರ ಎಂದು ಸದ್ದಾಯಿತು. ಡಿಸ್ಕ್ ಓದಲಾಗುತ್ತಿಲ್ಲ ಎಂದು ಬಂತು. ತೆಗೆದು ಮತ್ತೆ ಹಾಕಿದೆ. ಹಳೆಯದಕ್ಕೆ ಹಾಕಿದೆ. ಎಲ್ಲೂ ಅದೇ ಮಾತು. ಅಮ್ಮ ಬಾಗಿಲಲ್ಲಿ ನಿಂತು, ಶುರುವಾಯ್ತಾ ಎಂದು ಕೇಳುತ್ತಲೇ ಇದ್ದಳು.

ರಜೆ ಮುಗಿದ ಮೇಲೆ ಎಸ್‌ಟಿಡಿ ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿದೆವು. ಒಳಗೆ ಹೋಗಿ ಮಾತಾಡಿದವನು ಅಣ್ಣ. ಕಂಪನಿಯವನು ಬಹಳ ಮರ್ಯಾದೆಯಿಂದ ಮಾತಾಡಿದನಂತೆ. ಪರವಾನಗಿ ನಿಮ್ಮ ಕೈಗೆ ಬಂದಾಗಿದೆ, ಇನ್ನೊಂದು ಬೇಕಾದರೆ ಹೊಸದಾಗಿ ಕೊಂಡುಕೊಳ್ಳಬೇಕು ಎಂದನಂತೆ. ಕೊನೆಗೆ, ಯಾರಾದರೂ ಕಾಪಿ ಮಾಡಲು ಹೋದರೆ ಸಾಮಾನ್ಯವಾಗಿ ಹೀಗಾಗುತ್ತದೆ ಎಂದೂ ಸೇರಿಸಿದನಂತೆ. ಇದನ್ನು ಹೇಳಿದ್ದು ಅಣ್ಣ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ.

ಮನೆಗೆ ಬಂದವನು ಅಮ್ಮನ ಮುಂದೆ, ಅತ್ತಿಗೆಯ ಮುಂದೆ ನಿಂತು, “ಇವ್ನೇ ಕಣಮ್ಮ ಮಾಡಿರೋದು. ಕಾಪಿ ಹೊಡ್ಕೊಂಡು ಬೇರೆ ಅಂಗ್ಡಿ ಇಡಕ್ಕೆ ನೋಡಿದ್ದಾನೆ” ಎಂದ.

ತಮಾಷೆಯೆಂದುಕೊಂಡು ನಾನು ನಕ್ಕೆ. ಅವನು ಅದನ್ನೇ ಇನ್ನೊಮ್ಮೆ ಹೇಳಿದ. ಕೋಪ ಬಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತೇನೋ, ಕೋಪ ಬರಲಿಲ್ಲ. ಅತ್ತಿಗೆ ತಲೆ ತಗ್ಗಿಸಿಕೊಂಡು ಅಡಿಗೆಮನೆಗೆ ಹೋದರು.

ಹಳೆಯ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತ ಪತ್ರಿಕೆಗಳಿದ್ದವು, ಒಬ್ಬ ಮೇಷ್ಟರ ಪುಸ್ತಕವಿತ್ತು. ಸಾಫ್ಟ್‌ವೇರಿಲ್ಲದೆ ಒಂದೂ ತೆರೆಯುವಂತಿರಲಿಲ್ಲ. ಕಾರ್ತಿಕದ ಮದುವೆ ಕೆಲಸವೆಲ್ಲ ಬೇರೆಯವರ ಪಾಲಾಯಿತು. ದೀಪಾವಳಿಗೆ ಮುಂಚೆ ಅಣ್ಣ ಹೊಸ ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು, ಅತ್ತಿಗೆಯನ್ನು ಕರೆದುಕೊಂಡು ನಜರ್‌ಬಾದಿಗೆ ಹೋದ. ಅತ್ತಿಗೆಯ ತಂದೆಯ ಕಡೆಯವರ ಮಳಿಗೆಯೊಂದು ಅಲ್ಲಿ ಖಾಲಿಯಿತ್ತು. ಬೇರೆ ಕಂಪನಿಯ ಸಾಫ್ಟ್‌ವೇರು ಹಾಕಿಸಿಕೊಂಡು ಬೋರ್ಡು ಹಾಕಿದ. ನೆಂಟರಿಗೆಲ್ಲ, ಮಠದ ಸ್ವಾಮಿಗಳಿಗೂ, ತಮ್ಮ ಮೋಸ ಮಾಡಿದ್ದರಿಂದ ಬೇರೆಯಾಗಬೇಕಾಯಿತು ಎಂದು ಹೇಳಿದ. ಅವನಿಗೆ ಬಾಯಿ ಕೊಟ್ಟಿದ್ದ ದೇವರು ನನಗೆ ಕೊಟ್ಟಿರಲಿಲ್ಲ.

ಅವನು ಹೋದ ಮೇಲೆ ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಿದ್ದೆ. ಫ್ಲಾಪಿಯ ಬಾಯಿಗಿರುವ ತಗಡನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದೆ. ಒಳಗಿನ ಕಪ್ಪು ಬಿಲ್ಲೆಯ ಮೇಲೆ ಒಣಗಿದ ವಿಭೂತಿ. ಮೂರು ಎಳೆ. ಕರಕರ ತಿರುಗಿ ಕಲಸಿಹೋಗಿತ್ತು, ಆದರೂ ಒಂದು ತುದಿಯಲ್ಲಿ ಮೂರನೆಯ ಎಳೆ ಕೆಳಕ್ಕೆ ಜಾರಿದ್ದು ಕಾಣುತ್ತಿತ್ತು. ಅಮ್ಮನ ಉಂಗುರದ ಬೆರಳು ಸೊಟ್ಟ. ಚಿಕ್ಕಂದಿನಿಂದ ನಮ್ಮಿಬ್ಬರ ಹಣೆಯ ಮೇಲೂ ಆ ಎಳೆ ಹಾಗೇ ಜಾರುತ್ತಿತ್ತು.

ಒಳಗೆ ಹೋಗಿ, ಏನೂ ಇಲ್ಲವೆಂಬಂತೆ ಕೇಳಿದೆ. “ಅಮ್ಮ, ಪೂಜೆ ದಿನ ಆ ಫ್ಲಾಪಿಗೆ ವಿಭೂತಿ ಎಲ್ಲಿಗಿಟ್ಟೆ?”

“ಒಳ್ಗೇ ಇಟ್ಟೆ ಕಣೋ. ಮೇಲಿಟ್ರೆ ಅಂಗಿ ಮೇಲಿಟ್ಟಂಗಲ್ವಾ? ಆ ತಗಡು ಸರುಸ್ದೆ, ಒಳ್ಗೆ ಕರ್ರಗೆ ಕಾಣ್ತು, ಅದ್ರ ಅಣೆಗೇ ಇಟ್ಟೆ” ಎಂದವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಯಾಕೋ, ತಪ್ಪಾಯ್ತಾ?” ಎಂದಳು.

“ಇಲ್ಲ ಕಣಮ್ಮ. ಸುಮ್ನೆ ಕೇಳ್ದೆ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಉಕ್ಕಿ ಬಂತು. ಆದರೆ ಅಣ್ಣ ಹೋದಾಗಿನಿಂದ ಎರಡು ಹೊತ್ತೂ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ನನ್ನ ಮಕ್ಕಳನ್ನು ಒಂದು ಮಾಡು ಎಂದು ಅಳುತ್ತಿದ್ದವಳಿಗೆ, ಬೇರೆ ಮಾಡಿದ್ದು ನಿನ್ನ ಕೈಯೇ ಎಂದು ಯಾವ ಬಾಯಲ್ಲಿ ಹೇಳಲಿ? ಅಣ್ಣನಿಗೆ ಹೇಳಿದರೆ ಅವನು ಅಮ್ಮನಿಗೆ ಹೇಳುತ್ತಾನೆ. ಅವಳು ಮತ್ತೆ ಒಂದು ತುತ್ತು ತಿನ್ನುತ್ತಿರಲಿಲ್ಲ. ಫ್ಲಾಪಿಯನ್ನು ಹಳೆಯ ಪ್ರೂಫ್ ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ. ನಾನು ಕಳ್ಳನಲ್ಲ ಎನ್ನುವುದಕ್ಕೆ ಅದೊಂದೇ ಸಾಕ್ಷಿಯಿತ್ತು. ಗಾಡಿಯವನು ಲಷ್ಕರ್ ಮೊಹಲ್ಲಾದ ಕಸವನ್ನೆಲ್ಲ ಅದರ ಮೇಲೆ ಸುರಿದುಕೊಂಡು ಹೋದ.

ಅಂಗಡಿ ಮುಚ್ಚಿ ಮೇಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿಗೆ ಸೇರಿದೆ. ಇಂಗ್ಲಿಷಿನಲ್ಲಿ ಚೀಟಿ ಟೈಪು ಮಾಡಿ ಡಬ್ಬಿಗಳಿಗೆ ಅಂಟಿಸುವ ಕೆಲಸ. ನೆಂಟರ ಮದುವೆಗಳಲ್ಲಿ ಅಣ್ಣ ಸಿಗುತ್ತಿದ್ದ, ನನ್ನನ್ನು ಕಂಡರೆ ಊಟದ ಪಂಕ್ತಿ ಬದಲಾಯಿಸುತ್ತಿದ್ದ. ಸೋದರಮಾವ ನನ್ನ ಕೈಗೆ ಮುಯ್ಯಿ ಹಣದ ಚೀಲ ಕೊಡುವಾಗ ಇನ್ನೊಬ್ಬರನ್ನೂ ಜೊತೆಗೆ ಕೂರಿಸುತ್ತಿದ್ದರು. ಅದೂ ಅಭ್ಯಾಸವಾಯಿತು. ಅಭ್ಯಾಸವಾಗದೇ ಉಳಿದದ್ದೆಂದರೆ ಅಣ್ಣ ನನ್ನನ್ನು ಕಳ್ಳನೆಂದು ನಂಬಿದ್ದಾನಲ್ಲ ಎನ್ನುವುದು. ಅಮ್ಮ ಹೋದ ಮೇಲೆ ಅವನಿಗೆ ಹೇಳಬಹುದು, ಕೇಳಿ ಅವನು ಅತ್ತಾನು, ತಪ್ಪಾಯ್ತು ಕಣೋ ಎಂದಾನು ಎಂದು ಎಷ್ಟೋ ವರ್ಷ ಕಂಪನಿ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಆಡಿಕೊಂಡಿದ್ದೇನೆ. ಹೆತ್ತವಳು ಸಾಯುವುದನ್ನು ಹೀಗೆ ಎದುರು ನೋಡುವಂತಾಯಿತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಆದರೂ ಆ ಆಸೆ ಬಿಡಲಿಲ್ಲ, ನನಗೆ ಇದ್ದದ್ದು ಅದೊಂದೇ.

ಅಮ್ಮ ಹೋದಳು. ಮಕ್ಕಳು ಒಂದಾದದ್ದನ್ನು ನೋಡದೆಯೇ ಹೋದಳು. ಅವಳ ಹೆಸರಿನ ಶಿವಗಣಾರಾಧನೆಯ ದಿನ ನೆಂಟರೆಲ್ಲ ಉಂಡು ಎದ್ದ ಮೇಲೆ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಣ್ಣ ಕೈ ತೊಳೆಯುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಹತ್ತಿರ ಹೋಗಿ ನಿಂತೆ. ಬಸ್ಸಿನಲ್ಲಿ ಆಡಿಕೊಂಡಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ.

“ಅಣ್ಣ, ಆ ಫ್ಲಾಪಿ ನಾನು ಕೆಡ್ಸಿದ್ದಲ್ಲ. ಅಮ್ಮ ಒಳ್ಗೆ ವಿಭೂತಿ ಹಚ್ಬುಟ್ಟಿದ್ಳು. ಅವ್ಳು ಇರೋವರ್ಗೂ ಹೇಳೋಕಾಗ್ಲಿಲ್ಲ. ತೋರ್ಸೋಕೆ ಈಗ ಅದೂ ಇಲ್ಲ, ನೀನು ನಂಬ್ಬೇಕು ಅಷ್ಟೇ” ಎಂದೆ.

ಅಣ್ಣ ಟವೆಲಿನಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡ.

“ಗೊತ್ತು ಕಣೋ” ಎಂದ. “ನೀನು ಕುಂಬ್ಳಕಾಯಿಗೆ ಹೋಗಿದ್ದಲ್ಲ, ಅವಾಗ ನಾನು ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ಬೇಡ ಅನ್ನೋಣ ಅಂತ ಬಾಯ್ ತೆಗ್ದೆ. ಆಮೇಲೆ ಸುಮ್ನಾಗ್ಬುಟ್ಟೆ.”

“ಯಾಕೆ?”

“ನಜರ್‌ಬಾದಿನ ಮಳಿಗೆ ಮಾತು ಆಗ್ಲೇ ಆಗೋಗಿತ್ತು. ಅಪ್ಪನ ಮಾತು ಮುರ್ದು ಬೇರೆ ಹೋಗ್ತೀನಿ ಅಂತ ಅಮ್ಮನ ಹತ್ರ ಹೆಂಗ್ ಹೇಳ್ಲಿ? ಏನಾದ್ರೂ ಒಂದು ಕಾರಣ ಬೇಕಿತ್ತಲ್ಲ.”

ಅವನ ದನಿಯಲ್ಲಿ ಪಶ್ಚಾತ್ತಾಪವೂ ಇರಲಿಲ್ಲ, ಗರ್ವವೂ ಇರಲಿಲ್ಲ. ಎಂದೋ ಮುಗಿದ ಅಂಗಡಿ ವ್ಯವಹಾರ ಹೇಳಿದಂತಿತ್ತು. ಒಳಗಿನಿಂದ ಯಾರೋ ಅವನನ್ನು ಕೂಗಿದರು. ಟವೆಲನ್ನು ನನ್ನ ಕೈಗೆ ಕೊಟ್ಟು, “ಬರ್ತೀನಿ ಕಣೋ, ಬಿಸಿಲಲ್ಲಿ ನಿಂತ್ಕೋಬೇಡ” ಎಂದು ಹೋದ.

ನಾನು ಕಳ್ಳನೆಂದು ಅವನು ಒಂದು ದಿನವೂ ನಂಬಿರಲಿಲ್ಲ. ಅದಕ್ಕಿಂತ, ನಂಬಿದ್ದಿದ್ದರೇ ಚೆನ್ನಾಗಿತ್ತು.