ವಾರಗಿತ್ತಿಯ ಬದನೆ ಸಾಲು

ಹೊಸದುರ್ಗದ ಹತ್ತಿರ ನಮ್ಮ ತೆಂಗಿನ ತೋಟಕ್ಕೆ ಹೊಂದಿಕೊಂಡು ಒಂದು ತುಂಡು ಹೊಲವಿದೆ. ಹೋದ ವರ್ಷ ಅದರಲ್ಲಿ ಅರ್ಧ ನನ್ನ ಬದನೆ, ಅರ್ಧ ನನ್ನ ಮೈದುನನ ಹೆಂಡತಿಯದು. ಬೋರ್‌ವೆಲ್ ಒಂದೇ. ಸಸಿ ನೆಟ್ಟ ದಿನವೇ ಅತ್ತೆ ಹೇಳಿಬಿಟ್ಟರು.

"ಯಾರ ಗಿಡ ಕಮ್ಮಿ ನೀರು, ಕಮ್ಮಿ ಔಷಧಿ ಕೇಳ್ತಾವೋ, ಮುಂದಿನ ಬೆಳೆಗೆ ಇಡೀ ಹೊಲ ಅವಳು ಹೇಳ್ದಂಗೆ. ಈ ನೆಲ ನಿಮ್ಮ ಮಕ್ಕಳಿಗೂ ಬೇಕಲ್ಲವ್ವ."

ಆ ಹೊಲ ನನ್ನ ಮಾತಿನಂತೆ ನಡೆಯಬೇಕೆಂದು ನನಗೆ ಬಹಳ ಆಸೆಯಿತ್ತು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನನ್ನ ಮಾತು ಸಾರಿನ ಉಪ್ಪನ್ನು ದಾಟಿ ಆಚೆ ಹೋದದ್ದಿಲ್ಲ.

ಕಾನ್ವೆಂಟಿನಲ್ಲಿ ಓದಿದವಳು ನಾನು. ನೆಲದ ಮೇಲೆ ಕಾಗದದ ಚೂರು ಕಂಡರೆ ಈಗಲೂ ಬಗ್ಗಿ ಎತ್ತುತ್ತೇನೆ. ಹೊಲವನ್ನೂ ಹಾಗೇ ಇಟ್ಟೆ. ಉದುರಿದ ಎಲೆಗಳನ್ನೆಲ್ಲ ಕಡ್ಡಿಪೊರಕೆಯಿಂದ ಗುಡಿಸಿ ಬದುವಿನ ಮೇಲೆ ಸುಟ್ಟೆ. ರಂಗೋಲಿ ಹಾಕುವುದೊಂದು ಬಾಕಿ. ವಾರಗಿತ್ತಿಯೋ ಒಣಗಿದ ತೆಂಗಿನ ಗರಿ ಕೊಚ್ಚಿ ಗಿಡದ ಬುಡಕ್ಕೆಲ್ಲ ಹಾಸಿದ್ದಳು. ಸುತ್ತ ಚೆಂಡುಹೂವಿನ ಗಿಡ ಬೇರೆ.

"ಏನೇ, ಇದು ಹೊಲನೋ ತಿಪ್ಪೆನೋ?" ಎಂದೆ, ನಗುತ್ತ.

"ಇರ್ಲಿ ಬಿಡಕ್ಕ. ನಿಮ್ಮದ್ರಲ್ಲಿ ಎಲೆ ಹಾಕ್ಕೊಂಡು ಊಟಕ್ಕೆ ಕುಂತ್ಕಬಹುದು!"

ಬಿಸಿಲು ಏರಿತು. ಒಂದು ಸಂಜೆ ಅತ್ತೆ ಎರಡೂ ಕಡೆಗೆ ಸಮನಾಗಿ ನೀರು ಹಾಯಿಸಿ ವಾಲ್ವ್ ಮುಚ್ಚಿದರು. ಗಿಡ ಬಾಡುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ ಎಂದರು.

ಮರುದಿನದಿಂದ ಬೆಳಗಿನ ಕಾಫಿ ಲೋಟ ಹಿಡಿದೇ ನಾನು ಮೊದಲು ಹೋಗುತ್ತಿದ್ದದ್ದು ಅವಳ ಸಾಲಿಗೆ. ಒಂದು ಎಲೆಯಾದರೂ ಜೋತುಬಿದ್ದಿರಲಿ ಎಂಬ ಆಸೆ. ಎಲೆ ಮಗುಚಿ ಹುಳ ಹುಡುಕಿದೆ. ನಾನು ಮತ್ತೆ ಮತ್ತೆ ಔಷಧಿ ಹೊಡೆದರೂ ನನ್ನ ಗಿಡಕ್ಕೆ ಬಿಳಿನೊಣ ಮುತ್ತುತ್ತಿತ್ತು. ಬೇವಿನ ಕಷಾಯ ಬಿಟ್ಟರೆ ಬೇರೇನೂ ಹೊಡೆಯದ ಅವಳ ಎಲೆಯ ಅಡಿ ಚೊಕ್ಕಟವಾಗಿತ್ತು. ಗರಿ ಸರಿಸಿ ಮಣ್ಣಿಗೆ ಬೆರಳಿಟ್ಟೆ. ತಣ್ಣಗೆ, ಒದ್ದೆ. ಒಂದು ಎರೆಹುಳು ಬೇರೆ, ತನ್ನ ಪಾಡಿಗೆ ಹೋಗುತ್ತಿತ್ತು. ಗರಿಯನ್ನು ಇದ್ದ ಹಾಗೆಯೇ ಮುಚ್ಚಿ ಬಂದೆ.

ಮೊದಲು ಬಾಡಿದ್ದು ನನ್ನವೇ.

ಅತ್ತೆ ವಾಲ್ವನ್ನು ನನ್ನ ಕಡೆಗೆ ತಿರುಗಿಸಿದರು.

"ಅವಳ ಸಾಲಿಗೆ?" ಎಂದು ಕೇಳಿದೆ.

"ಅವಕ್ಕಿನ್ನೂ ಬಾಯಾರಿಕೆ ಆಗಿಲ್ಲ ಕಣವ್ವ. ಮುಂದಿನ ಬೆಳೆ ಅವಳು ಹೇಳ್ದಂಗೆ."

ನೀರೆಲ್ಲ ನನ್ನ ಸಾಲಿಗೇ ಬಂತು. ನೀರು ಬೇಡದ ಅವಳ ಗಿಡಗಳನ್ನು ನೋಡುತ್ತ ನಿಂತೆ. ಅಷ್ಟು ಹೊಟ್ಟೆಕಿಚ್ಚು ಅವಳ ಹೊಸ ಬಳೆ ಕಂಡಾಗಲೂ ಆಗಿರಲಿಲ್ಲ.

ಮಧ್ಯಾಹ್ನ ಅವಳು ತೋಟದಿಂದ ಉದ್ದನೆಯ ಗರಿಯೊಂದನ್ನು ಎಳೆದುಕೊಂಡು ಬಂದಳು.

"ನಿಮ್ಮ ಸಾಲಿಗೆ ಅಕ್ಕ. ಆ ಕಡೆ ಹಿಡ್ಕಳ್ರಿ."

ಹೀಯಾಳಿಸಿದ್ದರೆ ಜಗಳವಾಡಬಹುದಿತ್ತು. ತುದಿ ಹಿಡಿದೆ. ಇಬ್ಬರೂ ಮಚ್ಚು ಹಿಡಿದು ಕುಳಿತೆವು. ಅವಳ ತುಂಡುಗಳು ಒಂದೇ ಅಳತೆಗೆ ಬೀಳುತ್ತಿದ್ದವು. ಅದನ್ನೂ ನೋಡಲಾಗಲಿಲ್ಲ ನನಗೆ. ನಾನು ಅವಳಿಗಿಂತ ಸಣ್ಣಗೆ ಕೊಚ್ಚತೊಡಗಿದೆ.